ಸೂಗಮ್ಮನ ಭಜ್ಜಿಗೆ ಬಿದ್ದ ತುರ್ಮುಸ್ ಕಾಯಿ

ತೆಂಗಳಿಯಲ್ಲಿ ಎಳ್ಳ ಅಮಾವಾಸ್ಯೆ ಹತ್ತಿರ ಬಂತೇ ಎಂದು ತಿಳಿಯಲು ಜನ ಕ್ಯಾಲೆಂಡರ್ ನೋಡುವುದಿಲ್ಲ, ಸೂಗಮ್ಮನ ಅಂಗಳ ನೋಡುತ್ತಾರೆ. ಅಲ್ಲಿ ದೊಡ್ಡ ಹಂಡೆಯೊಂದು ಹುಣಸೆಹಣ್ಣು, ಬೂದಿ ಹಚ್ಚಿಸಿಕೊಂಡು ಬಿಸಿಲಿಗೆ ಬೋರಲು ಬಿದ್ದಿದ್ದರೆ ಹಬ್ಬ ಬಂತೆಂದೇ ಅರ್ಥ. ಆ ಹಂಡೆಯಲ್ಲಿ ಬೇಯುವುದು ಭಜ್ಜಿ. ಬೆಂಗಳೂರಿನ ಕಡೆಯವರಿಗೆ ಭಜ್ಜಿ ಎಂದರೆ ಎಣ್ಣೆಯಲ್ಲಿ ಈಜುವ ಮೆಣಸಿನಕಾಯಿ. ಅವರ ಪಾಡು ಅವರಿಗಿರಲಿ. ನಮ್ಮ ಕಡೆಯ ಭಜ್ಜಿ ಎಂದರೆ ಹಸಿ ತೊಗರಿ, ಹಸಿ ಕಡಲೆ, ಅವರೆ, ಅಲಸಂದಿ, ವಟಾಣಿ, ಶೇಂಗಾ, ಮೆಂತ್ಯ, ಪುಂಡಿಪಲ್ಯ, ಎಳೆ ಹುಣಸೆ ಎಲ್ಲವೂ ಒಂದೇ ಪಾತ್ರೆಯಲ್ಲಿ ಕುದಿದು, ಯಾರು ಯಾರೆಂದು ಗುರುತು ಸಿಗದಂತೆ ಆಗುವ ಪದಾರ್ಥ. ಅದನ್ನೂ ಸಜ್ಜೆ ಕಡಬನ್ನೂ ಹೊಲಕ್ಕೆ ಹೊತ್ತೊಯ್ದು, ಮೊದಲು ಭೂಮಿಗೆ ನೈವೇದ್ಯವಾಗಿ ಚರಗ ಚೆಲ್ಲಿ, ಆಮೇಲೆ ಮನುಷ್ಯರು ಉಣ್ಣಬೇಕು.

ಸೂಗಮ್ಮನ ಭಜ್ಜಿಗೆ ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ಗುಂಡಗುರ್ತಿಯಿಂದ ಜನ ಟಂಟಂ ಆಟೊ ಮಾಡಿಕೊಂಡು ಬಂದು ಅವಳ ಹೊಲದ ಬದುವಿನಲ್ಲಿ ಉಂಡು ಹೋಗುತ್ತಿದ್ದರು. ಉಂಡವರು ಹೊಗಳದಿದ್ದರೆ ಅವಳು ಬಿಡುತ್ತಿರಲಿಲ್ಲ.

"ಯಾಕೋ, ಬಾಯಾಗ ನಾಲಿಗಿ ಅದನೋ ಇಲ್ಲೋ? ಹೆಂಗದ ಅಂತ ಹೇಳಾಕ ಏನು ಕಷ್ಟ?"

"ಚಲೋ ಅದ ಅತ್ತಿ."

"ಚಲೋ ಅಂದ್ರ? ಚಾ ಚಲೋ ಇರ್ತದ, ಬಸ್ಸು ಚಲೋ ಇರ್ತದ. ಭಜ್ಜಿಗಿ ಬರೋಬ್ಬರಿ ಒಂದು ಮಾತು ಹುಡುಕು!"

ಗೋಧಿಬಣ್ಣದ ದುಂಡು ಮುಖ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮೂರು ಹೊಲ ಆಚೆಗೆ ಕೇಳುವ ಗಂಟಲು. ಗಂಡ ಅಂಬಾರಾಯ ತಣ್ಣಗಿನ ಮನುಷ್ಯ. ಮದುವೆಯಾದಾಗಿನಿಂದ ಒಂದು ವಾಕ್ಯವನ್ನೂ ಪೂರ್ತಿ ಮಾಡಲು ಅವಕಾಶ ಸಿಕ್ಕಿಲ್ಲ ಎಂದು ಅವನೇ ಹೇಳುತ್ತಾನೆ. ಅದನ್ನೂ ಪೂರ್ತಿ ಹೇಳಲು ಅವಳು ಬಿಡುವುದಿಲ್ಲ.

ಭಜ್ಜಿಯ ವಿಷಯದಲ್ಲಿ ಸೂಗಮ್ಮ ಅತ್ತೆಯಿಂದ ಪಡೆದ ಎರಡು ಕಟ್ಟುಗಳಿದ್ದವು. ಆ ವರ್ಷ ಹೊಲದಲ್ಲಿ ಕಾಯಿ ಕಟ್ಟಿದ ಯಾವ ಕಾಳನ್ನೂ ಹಂಡೆಯಿಂದ ಹೊರಗಿಡಬಾರದು. ಹೊರಗಿಟ್ಟರೆ ಭೂಮಿಗೆ ಬೇಜಾರಾಗುತ್ತದೆ. ಎರಡನೆಯದು, ಚರಗ ಚೆಲ್ಲುವ ಮೊದಲು ಭಜ್ಜಿಯನ್ನು ನಾಲಿಗೆಗೆ ಮುಟ್ಟಿಸಿ ರುಚಿ ನೋಡಬಾರದು, ಭೂಮಿಗೆ ಎಂಜಲು ಕೊಟ್ಟಂತಾಗುತ್ತದೆ. ಎರಡೂ ಒಳ್ಳೆಯ ಕಟ್ಟುಗಳೇ. ಇಷ್ಟು ವರ್ಷ ಅವುಗಳಿಂದ ಯಾರಿಗೂ ಏನೂ ಆಗಿರಲಿಲ್ಲ, ಯಾಕೆಂದರೆ ಹೊಲದಲ್ಲಿ ಬೆಳೆದ ಕಾಳೆಲ್ಲ ಅಜ್ಜಿಯರ ಕಾಲದಿಂದ ಗುರುತಿದ್ದವೇ ಆಗಿದ್ದವು.

ಗುರುತಿಲ್ಲದ ಕಾಳು ಬಂದದ್ದು ಶಹಾಬಾದಿನಿಂದ.

ಮನೆಯ ಮುಂದಿನ ಕಟ್ಟೆಗೆ ಹಾಸಲು ಪರಸಿ ಕಲ್ಲು ತರಲೆಂದು ಗಂಡ ಹೆಂಡತಿ ಒಂದು ಸಲ ಶಹಾಬಾದಿಗೆ ಹೋಗಿದ್ದರು. ಕಲ್ಲು ಲಾರಿಗೆ ಏರುವವರೆಗೆ ಸ್ಟೇಷನ್ ರಸ್ತೆಯಲ್ಲಿ ಅಡ್ಡಾಡುತ್ತಿದ್ದಾಗ ಬಾಬುಮಿಯಾನ ಬಂಡಿ ಕಂಡಿತು. ಬಂಡಿಯ ಮೇಲೆ ಒಂದು ಅಗಲ ತಾಟು, ಅದರಲ್ಲಿ ನೀರು ಹನಿಯುತ್ತಿದ್ದ ಹಳದಿ ಕಾಳು. ಪೈಜಾಮದ ಗುಂಡಿಯಂತೆ ಚಪ್ಪಟೆ, ದುಂಡಗೆ.

"ಇದೇನಪಾ, ಗುಂಡಿ ಮಾರಾಕತ್ತೀಯೇನು?" ಎಂದಳು ಸೂಗಮ್ಮ.

"ಗುಂಡಿ ಅಲ್ಲಕ್ಕಾ, ತುರ್ಮುಸ್. ಹಿಂಗ ಹಿಚುಕ್ರಿ, ಸಿಪ್ಪಿ ಕೈಯಾಗ ಉಳೀತದ, ಕಾಳು ಬಾಯಾಗ ಹಾರ್ತದ."

ಬಾಬುಮಿಯಾ ರಿಯಾದಿನಲ್ಲಿ ಬಹಳ ವರ್ಷ ಡ್ರೈವರ್ ಆಗಿದ್ದವನು. ಅಲ್ಲಿ ಸಂಜೆಯಾದರೆ ಜನ ಇದನ್ನು ಶೇಂಗಾದಂತೆ ಮೆಲ್ಲುವುದನ್ನು ನೋಡಿ ಕಲಿತು, ಊರಿಗೆ ಬಂದ ಮೇಲೆ ಹೈದರಾಬಾದಿನಿಂದ ಕಾಳು ತರಿಸಿ ಬಂಡಿ ಹಾಕಿಕೊಂಡಿದ್ದ. ಪಟ್ಟಣದ ಪುಸ್ತಕದವರು ಇದನ್ನು ಲ್ಯೂಪಿನ್ ಎನ್ನುತ್ತಾರೆ. ತೊಗರಿ ಕಡಲೆಗಳ ದೂರದ ಸಂಬಂಧಿ. ಬೇರಿನಲ್ಲಿ ಗಂಟು ಕಟ್ಟಿ ಭೂಮಿಗೆ ಸಾರ ಕೊಡುವ ಜಾತಿಯೇ.

ಸೂಗಮ್ಮನಿಗೆ ರುಚಿ ಹತ್ತಿತು. ಅಂಬಾರಾಯನಿಗೆ ಬಿತ್ತುವ ಹುಚ್ಚು ಹತ್ತಿತು. ಒಣ ಕಾಳು ಒಂದಿಷ್ಟು ಕೊಡು ಎಂದ. ಬಾಬುಮಿಯಾ ಕೊಡುವ ಮೊದಲು ಬೆರಳೆತ್ತಿ ಹೇಳಿದ:

"ಬಿತ್ರಿ ಅಣ್ಣಾ, ಬ್ಯಾಡ ಅನ್ನಂಗಿಲ್ಲ. ಆದ್ರ ಹಂಗೇ ತಿನ್ನಬ್ಯಾಡ್ರಿ. ಭಾಳ ಕಹಿ ಇರ್ತದ, ತಲಿ ತಿರುಗ್ತದ. ಕುದಿಸಬೇಕು, ಆಮ್ಯಾಲೆ ನೀರಾಗ ಇಡಬೇಕು, ಮುಂಜಾನಿ ಸಂಜಿ ನೀರು ಚೆಲ್ಲಿ ಹೊಸಾ ನೀರು ಹಾಕಬೇಕು. ಕಹಿ ಪೂರಾ ಹೋಗೋತನಕ. ವಾರಾನೇ ಆಗಲಿ. ನಮ್ಮ ಮನಿಯಾಗ ಅದೇ ಕೆಲಸ, ನಜಮುನ್ನೀಸಾ ದಿನಾ ಬೈತಾಳ."

ಈ ಮಾತು ಹೇಳುವಾಗ ಸೂಗಮ್ಮ ಪಕ್ಕದಲ್ಲೇ ಇದ್ದಳು. ಬಾಯಲ್ಲಿ ಕಾಳಿತ್ತು, ಕಿವಿಗಳು ತೆರೆದೇ ಇದ್ದವು.

ಬಾಬುಮಿಯಾ ಹೇಳಿದ್ದು ನಿಜ, ಈ ಕಾಳಿನ ಬಗ್ಗೆ ಸುಳ್ಳು ಬಂದದ್ದು ಬೇರೆ ಕಡೆಯಿಂದ. ಅದು ಮೊಬೈಲಿನಲ್ಲಿ ಬಂತು. ಸೂಗಮ್ಮನ ಮಗಳು ಭಾಗ್ಯಶ್ರೀಯನ್ನು ಸೇಡಂಗೆ ಕೊಟ್ಟಿತ್ತು. ಅವಳ ಮಾವ ಸಿದ್ಧಲಿಂಗ ಕಿರಾಣಿ ಅಂಗಡಿಯ ದೊಡ್ಡ ಮನುಷ್ಯ. ಮಾವನ ತಮ್ಮ ಸಂಗಮೇಶ್ವರ ಮೊಬೈಲಿನ ದೊಡ್ಡ ಮನುಷ್ಯ. ಅಂಬಾರಾಯ ಹೊಸ ಬೀಜ ತಂದ ಸುದ್ದಿ ಕೇಳಿದ್ದೇ ತಡ, ಸಂಗಮೇಶ್ವರ ಎಲ್ಲಿಂದಲೋ ಬಂದ ಸಂದೇಶವೊಂದನ್ನು ತಳ್ಳಿದ: "ಅದ್ಭುತ ಕಾಳು! ಮಾಂಸಕ್ಕಿಂತ ಹೆಚ್ಚು ಶಕ್ತಿ! ಹಸಿಯಾಗಿ ಅರೆದು ಕುಡಿದರೆ ಸಕ್ಕರೆ ಕಾಯಿಲೆ ಮಾಯ! ಯಾವ ಮಣ್ಣಿನಲ್ಲೂ ಬೆಳೆಯುತ್ತದೆ!"

ಇಂಥದ್ದನ್ನು ಬರೆದು ಕೂರುವವನ ಬೆರಳಿಗೆ ಏನು ರೋಗವೋ ತಿಳಿಯದು. ಕಾಳಿನಲ್ಲಿ ಶಕ್ತಿ ಇರುವುದು ನಿಜ, ಬೇಳೆಗಳಲ್ಲಿ ಅದು ಮೇಲ್ಪಂಕ್ತಿಯದೇ. ಆದರೆ ಹಸಿಯಾಗಿ ಅರೆದು ಕುಡಿದರೆ ಮಾಯವಾಗುವುದು ಕಾಯಿಲೆಯಲ್ಲ, ಕುಡಿದವನ ಕಣ್ಣಿನ ನೋಟ. ಬಾಯಿ ಒಣಗುತ್ತದೆ, ಕಣ್ಣು ಮಂಜಾಗುತ್ತದೆ, ಕಾಲು ಹೇಳಿದ ಮಾತು ಕೇಳುವುದಿಲ್ಲ. ಹೊರದೇಶಗಳಲ್ಲಿ ಕಹಿ ಕಡಿಮೆಯ ಸಿಹಿ ತಳಿಗಳಿವೆ, ಅವುಗಳ ಮಾತೇ ಬೇರೆ. ಶೇಂಗಾ ತಿಂದರೆ ಮೈ ದದ್ದು ಏಳುವವರಿಗಂತೂ ಸಿಹಿಯಿರಲಿ ಕಹಿಯಿರಲಿ, ಈ ಕಾಳೂ ಆಗಿಬರದಿರಬಹುದು. ಇಷ್ಟನ್ನು ಬರೆಯಲು ಆ ಸಂದೇಶದಲ್ಲಿ ಜಾಗವಿರಲಿಲ್ಲ. ಕೈಮುಗಿದ ಚಿತ್ರಗಳಿಗೆ ಮಾತ್ರ ಧಾರಾಳ ಜಾಗವಿತ್ತು.

"ಯಾವ ಮಣ್ಣಿನಲ್ಲೂ" ಎಂಬ ಸುಳ್ಳು ಮೊದಲು ಬಯಲಾಯಿತು. ದಸರೆ ಮುಗಿದ ಮೇಲೆ ಅಂಬಾರಾಯ ಬದುವಿನುದ್ದಕ್ಕೂ ಕಾಳು ಊರಿದ. ಗಿಡ ಎದ್ದಿತು, ಅಂಗೈ ಬಿಡಿಸಿದಂತೆ ಎಲೆ ಬಿಟ್ಟಿತು. ಆಮೇಲೆ ಅಂಗೈಗಳೆಲ್ಲ ಅರಿಶಿನ ಹಚ್ಚಿಕೊಂಡಂತೆ ಹಳದಿಯಾದವು. ಪಕ್ಕದ ಹೊಲದ ಅಣವೀರ ಬದುವಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಅಂಬಾರಾಯ, ನಿನ್ನ ಗಿಡದ ಕಾಮಣಿ ನನ್ನ ಕಡಲಿಗಿ ಹತ್ತಿದ್ರ ನಾ ಸುಮ್ಮ ಕೂಡಂಗಿಲ್ಲ ನೋಡು."

"ಹತ್ತಂಗಿಲ್ಲೋ ಮಾರಾಯ, ಅದು..."

"ಅವರಿಗೇನು ಕೇಳ್ತಿ?" ಸೂಗಮ್ಮ ನಡುವೆ ಬಂದಳು. "ನಿನ್ನ ಕಡಲಿ ಹೋದ ವರ್ಷಾನೂ ಹಳದಿ ಆಗಿತ್ತು. ಆಗ ಯಾರ ಕಾಮಣಿ ಹತ್ತಿತ್ತು, ನಿಮ್ಮತ್ತಿದೋ?"

ಅದು ಕಾಮಾಲೆಯೂ ಅಲ್ಲ, ಶಾಪವೂ ಅಲ್ಲ. ನಮ್ಮ ನೆಲದ ಕೆಳಗೆ ಇರುವುದೇ ಸುಣ್ಣದ ಕಲ್ಲು. ಅದನ್ನು ಅಗೆದು ಶಹಾಬಾದ್ ಪರಸಿ ಆಯಿತು, ಅದನ್ನು ಸುಟ್ಟು ವಾಡಿ, ಸೇಡಂನ ಸಿಮೆಂಟ್ ಆಯಿತು. ಈ ಗಿಡಕ್ಕೋ ಸುಣ್ಣವೆಂದರೆ ಆಗದು. ಸುಣ್ಣದ ಮಣ್ಣಿನಲ್ಲಿ ಕಬ್ಬಿಣದ ಅಂಶ ಅದರ ಬೇರಿಗೆ ಸಿಗುವುದಿಲ್ಲ, ಎಲೆ ಹಳದಿಯಾಗುತ್ತದೆ. ಕಡಲೆಗೆ ಅಂಟುವ ಜಾಡ್ಯ ಅದಲ್ಲ. ಬದುವಿನ ಒಂದು ಮೂಲೆಯಲ್ಲಿ ಮಾತ್ರ ಗಿಡಗಳು ಹಸಿರಾಗಿ ಸೊಂಟದವರೆಗೆ ಬೆಳೆದು ಬಿಳಿ ಹೂವಿನ ಕೋಲು ಎತ್ತಿದವು. ಅಂಗಳಕ್ಕೆಂದು ಚಿಂಚೋಳಿ ಕಡೆಯಿಂದ ತರಿಸಿದ ಕೆಂಪುಮಣ್ಣು ಉಳಿದು ಅಲ್ಲಿ ಗುಡ್ಡೆ ಬಿದ್ದಿತ್ತು. ಆ ಮಣ್ಣಿನಲ್ಲಿ ಸುಣ್ಣವಿಲ್ಲ. ಅಂಬಾರಾಯನಿಗೆ ಅದು ಗೊತ್ತಿರಲಿಲ್ಲ. ಆ ಮೂಲೆಯಲ್ಲಿ ಅವನ ತಾಯಿಯನ್ನು ಮಣ್ಣು ಮಾಡಿತ್ತು, ಹಾಗಾಗಿ ಅವ್ವನ ಆಶೀರ್ವಾದ ಎಂದುಕೊಂಡ. ಸೂಗಮ್ಮ ಅದನ್ನು ಒಪ್ಪಲಿಲ್ಲ: "ನಿಮ್ಮವ್ವ ಬದುಕಿದ್ದಾಗ ನನಗೊಂದು ಹಸಿರು ಸೀರಿ ಕೊಡ್ಲಿಲ್ಲ, ಈಗ ಗಿಡಕ್ಕ ಕೊಟ್ಟಾಳೇನು!"

ಅಮಾವಾಸ್ಯೆ ಬಂತು. ಭಾಗ್ಯಶ್ರೀಯ ಮದುವೆಯ ನಂತರದ ಮೊದಲ ಎಳ್ಳ ಅಮಾವಾಸ್ಯೆ, ಸೇಡಂನ ಬೀಗರು ಉಣ್ಣಲು ಬರುವವರು. ಸೂಗಮ್ಮ ಹಿಂದಿನ ದಿನವೇ ಕಾಳು ಬಿಡಿಸಿ ಇಟ್ಟಿದ್ದಳು. ಮುಂಜಾನೆ ಹಂಡೆ ಕುದಿಯುವಾಗ ಸೆರಗಿನ ತುಂಬ ತುರ್ಮುಸ್ ಕಾಯಿ ಕಿತ್ತುಕೊಂಡು ಬಂದಳು. ಅವರೆಯಂತೆ ಉಬ್ಬಿದ, ಮೇಲೆ ಸಣ್ಣ ರೋಮವಿರುವ ಎಳೆಯ ಕಾಯಿಗಳು.

ಅಂಬಾರಾಯ ಕಟ್ಟಿಗೆ ಸೀಳುವುದನ್ನು ನಿಲ್ಲಿಸಿದ. "ಬಾಬುಮಿಯಾ ಏನಂದಿದ್ದ..."

"ಅದು ಒಣ ಕಾಳಿನ ಮಾತು. ಒಣ ತೊಗರಿ ನೆನಿ ಹಾಕ್ತೀವಿ. ಹಸಿ ತೊಗರಿ ನೆನಿ ಹಾಕ್ತೀವೇನು? ಹಸೀದು ಹಸೀದೇ, ಒಣಗಿದ್ದು ಒಣಗಿದ್ದೇ."

"ಆದ್ರೂ..."

"ಭೂಮಿತಾಯಿ ಇಷ್ಟು ಹಸಿರು ಮಾಡಿ ಕೊಟ್ಟಾಳ, ಹೊರಗ ಇಟ್ರ ಏನಂತಾಳ? ಬೀಗರು ಬರೋ ದಿನಾನೇ ಅಪಶಕುನ ಮಾತಾಡ್ತೀರಿ."

ತರ್ಕ ಚೆನ್ನಾಗಿಯೇ ಇತ್ತು. ತೊಗರಿಯ ಮಟ್ಟಿಗೆ. ತುರ್ಮುಸ್‌ಗೆ ಹಸಿ ಒಣ ಎಂಬ ಭೇದವಿಲ್ಲ, ಎಲೆಯಿಂದ ಬೀಜದವರೆಗೆ ಕಹಿಯೇ. ಬರೀ ಕುದಿಸಿದರೆ ಆ ಕಹಿ ಹೋಗುವುದಿಲ್ಲ. ನೀರಿಗೆ ಇಳಿಯುತ್ತದೆ, ಆ ನೀರನ್ನು ಚೆಲ್ಲಬೇಕು. ಭಜ್ಜಿಯ ನೀರನ್ನು ಯಾರು ಚೆಲ್ಲುತ್ತಾರೆ? ಅದರಲ್ಲೇ ಜೋಳದ ಹಿಟ್ಟು ಕದಡಿ ಗಟ್ಟಿ ಮಾಡುವುದು. ಹಾಕಿದ ಕಹಿಯೆಲ್ಲ ಹಂಡೆಯಲ್ಲೇ ಉಳಿಯಿತು. ರುಚಿ ನೋಡುವ ಹಾಗಿರಲಿಲ್ಲವಾದ್ದರಿಂದ ಅದು ಯಾರಿಗೂ ಗೊತ್ತಾಗಲೂ ಇಲ್ಲ.

ಚರಗ ಚೆಲ್ಲಿಯಾಯಿತು. ಬೇವಿನ ಮರದ ಕೆಳಗೆ ಪಂಕ್ತಿ ಕೂತಿತು. ಬೀಗ ಸಿದ್ಧಲಿಂಗ ಮೊದಲ ತುತ್ತಿಗೆ ಕಣ್ಣು ಮುಚ್ಚಿದ, ಎರಡನೆಯದಕ್ಕೆ ತೆರೆದ.

"ಬೀಗ್ತಿ, ಮೆಂತ್ಯ ಈ ಸಲ ಜೋರದ!"

"ಮೆಂತ್ಯ ಮೈಗಿ ಚಲೋರಿ ಅಣ್ಣಾರ," ಎಂದು ಬಡಿಸುತ್ತಲೇ ಇದ್ದಳು ಸೂಗಮ್ಮ. ಎಲ್ಲರಿಗೂ ಬಡಿಸಿ ಕೊನೆಗೆ ತಾನು ಕೂತು ಬೆರಳು ನೆಕ್ಕಿದಳು. ಕಹಿ ನಾಲಿಗೆಯಿಂದ ಕಿವಿಗೆ ಹತ್ತಿತು. ಮೆಂತ್ಯದ ಕಹಿ ಅವಳಿಗೆ ಗೊತ್ತಿತ್ತು, ಇದು ಆ ಮನೆಯದಲ್ಲ. ಆ ಗಳಿಗೆಯಲ್ಲೇ ಅವಳಿಗೆ ತಿಳಿಯಿತು. ತಟ್ಟನೆ ಎದ್ದು, ಎರಡನೆಯ ಸಲ ಬಡಿಸುತ್ತಿದ್ದವರ ಕೈಯಿಂದ ಸೌಟು ಕಿತ್ತುಕೊಂಡಳು.

"ಸಾಕ್ರಿ, ಸಾಕ್ರಿ ಭಜ್ಜಿ. ಕಡಬು ಹಾಕ್ಕೋರಿ, ಮೊಸರದ, ಹಿಂಡಿ ಪಲ್ಯೆ ಅದ..."

ಉಳಿದವರು ಸುಖವಾಗಿ ನಿಲ್ಲಿಸಿದರು. ಸಿದ್ಧಲಿಂಗ ಮರ್ಯಾದಸ್ಥ. ಬೀಗರ ಮನೆಯ ಹೆಸರಾದ ಪದಾರ್ಥ ಬೇಡವೆಂದರೆ ಸೊಸೆಯ ಮುಖ ಸಣ್ಣದಾಗುತ್ತದೆಂದು ಹಂಡೆಯ ತಳದ ಗಟ್ಟಿಯನ್ನೇ ಕೇಳಿ ಕೇಳಿ ಹಾಕಿಸಿಕೊಂಡಿದ್ದ. ಸ್ವಲ್ಪ ಹೊತ್ತಿಗೆ ನೀರು ಕೇಳಿದ. ಮತ್ತೆ ನೀರು ಕೇಳಿದ. ಆಮೇಲೆ ಸೂಗಮ್ಮನ ಕಡೆ ನೋಡಿ ಗಂಭೀರವಾಗಿ, "ಬೀಗ್ತಿಗಿ ಅವಳಿ ಜವಳಿ ತಂಗಿ ಇದ್ದಾಳಂತ ನಮಗ ಯಾರೂ ಹೇಳೇ ಇಲ್ಲಲ್ಲ," ಎಂದ.

ಯಾರೋ ನಕ್ಕರು. ಸೂಗಮ್ಮ ನಗಲಿಲ್ಲ. ಟಂಟಂ ಕಾಳಗಿಯ ದವಾಖಾನೆಗೆ ಓಡಿತು.

ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಏನು ತಿಂದಿರಿ ಎಂದು ಕೇಳಿದರು. ಸೂಗಮ್ಮ ಆ ದಿನ ಮಾತ್ರ ಗಂಡನ ಕಡೆ ನೋಡಿದಳು. ಅಂಬಾರಾಯನಿಗೆ ಬದುಕಿನಲ್ಲಿ ಮೊದಲ ಬಾರಿ ಪೂರ್ತಿ ವಾಕ್ಯ ಹೇಳುವ ಅವಕಾಶ ಸಿಕ್ಕಿತು. ಅದನ್ನೂ ಅವನು ಅರ್ಧಕ್ಕೇ ನಿಲ್ಲಿಸಿದ: "ಹೊಸಾ ಕಾಯಿ ಹಾಕಿದ್ವಿರಿ. ಶಹಾಬಾದಿನ ಬಾಬುಮಿಯಾ ಕೊಟ್ಟ ಬೀಜ..."

ಅವನು ನೆನೆಸಿ ತಿನ್ನಿ ಎಂದಿದ್ದ, ನಾವು ಕೇಳಲಿಲ್ಲ. ಇದು ಉಳಿದರ್ಧ. ಅದು ಬಾಯಿಂದ ಬರಲಿಲ್ಲ. ಮೊದಲರ್ಧ, ಅಣ್ಣನ ಜೊತೆಗೆ ಬಂದು ಅಲ್ಲೇ ವೀಡಿಯೊ ಹಿಡಿಯುತ್ತಿದ್ದ ಸಂಗಮೇಶ್ವರನ ಮೊಬೈಲಿಗೆ ಬಿತ್ತು.

ಸಿದ್ಧಲಿಂಗ ಸಂಜೆಗೆಲ್ಲ ಎದ್ದು ಕೂತು, ಒಬ್ಬಳೇ ಬೀಗ್ತಿಯನ್ನು ಕಂಡು ಚಹಾ ಕೇಳಿದ. ಆದರೆ ವೀಡಿಯೊ ಮನೆಗೆ ಹೋಗಿ ಮಲಗುವ ಜಾತಿಯದಲ್ಲ. "ಹಬ್ಬದ ಊಟಕ್ಕೆ ಶಹಾಬಾದಿನಿಂದ ವಿಷದ ಬೀಜ! ಎಚ್ಚರ! ಎಲ್ಲರಿಗೂ ಕಳಿಸಿ!" ಕಳಿಸಿದವನು ಯಾರು? ಮೂರು ತಿಂಗಳ ಹಿಂದೆ ಇದೇ ಕಾಳನ್ನು ಅರೆದು ಕುಡಿಯಿರಿ ಎಂದು ಕಳಿಸಿದ್ದವನೇ. ಅದೇ ಬೆರಳು, ಅದೇ ಕೈಮುಗಿದ ಚಿತ್ರ. ಆಗ ಅಮೃತ, ಈಗ ವಿಷ. ನಡುವಿನ ಮಾತು ಇವರಿಗೆ ಬೇಡ. ಬೀಜ ಕೊಟ್ಟವನು ಮುಸಲ್ಮಾನ ಎಂಬ ಒಂದೇ ಕಾರಣಕ್ಕೆ ಒಂದು ಅಡುಗೆಮನೆಯ ತಪ್ಪು ಸಂಚಾಗಿ ಬಿಟ್ಟಿತು. ಧರ್ಮ ಕೇಳಿ ಕಹಿಯಾಗುವ ಕಾಳು ಇನ್ನೂ ಈ ಭೂಮಿಯಲ್ಲಿ ಹುಟ್ಟಿಲ್ಲ. ಕೇಳಿ ಕಹಿಯಾಗುವುದು ನಾವು.

ಸೂಗಮ್ಮನಿಗೆ ಇದರಿಂದ ಒಂದು ಲಾಭವಾಗಿತ್ತು ಎಂಬುದನ್ನು ಮುಚ್ಚಿಡಬಾರದು. ಊರಲ್ಲಿ ಹೆಂಗಸರು, "ಬೀಜಾನೇ ಕೆಟ್ಟಿದ್ದಿತ್ತಂತ, ಪಾಪ ಸೂಗಮ್ಮ ಏನು ಮಾಡ್ಯಾಳ," ಎನ್ನುತ್ತಿದ್ದರು. ಅವಳು ಹೌದೆನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಭಜ್ಜಿಯ ಹೆಸರು ಉಳಿದಿತ್ತು, ಸೇಡಂನಲ್ಲಿ ಮಗಳ ಮುಖ ಉಳಿದಿತ್ತು. ಕೆಲವು ದಿನ ಅವಳು ಹಾಗೇ ಇದ್ದಳು. ಅಂಬಾರಾಯ ಏನೋ ಕೆಲಸಕ್ಕೆ ಶಹಾಬಾದಿಗೆ ಹೋಗಿ ಬಂದು, ಚಪ್ಪಲಿ ಬಿಡುವ ಮೊದಲೇ ಹೇಳಿದ:

"ಬಾಬುಮಿಯಾನ ಬಂಡಿ ಇಲ್ಲ. ಮಂದಿ ನಿಂದ್ರಾಕ ಬಿಡವಲ್ರಂತ."

ಈ ಸಲ ಸೂಗಮ್ಮ ಅವನ ಮಾತು ಪೂರ್ತಿ ಕೇಳಿದಳು. ಮರುದಿನ ಮುಂಜಾನೆಯ ಬಸ್ಸಿಗೆ ಶಹಾಬಾದಿಗೆ ಹೊರಟಳು.

ಬಾಬುಮಿಯಾನ ಮನೆ ಕಲ್ಲಿನ ಓಣಿಯೊಂದರ ತುದಿಯಲ್ಲಿ. ಬಂಡಿ ಗೋಡೆಗೆ ಒರಗಿ ನಿಂತಿತ್ತು. ಬಾಗಿಲಲ್ಲಿ ಅವನ ಹೆಂಡತಿ ನಜಮುನ್ನೀಸಾ ಬಕೆಟ್ಟಿನಲ್ಲಿ ಕಾಳಿನ ನೀರು ಬದಲಿಸುತ್ತಿದ್ದಳು. ಮಾರಾಟವಿಲ್ಲದಿದ್ದರೂ ನೆನೆದ ಕಾಳಿಗೆ ನೀರು ಬದಲಿಸಲೇಬೇಕಲ್ಲ. ಬಂದವಳು ಯಾರೆಂದು ತಿಳಿದು ಅವಳು ಸೊಂಟ ನೆಟ್ಟಗೆ ಮಾಡಿದಳು.

"ಬರ್ರಿ ಅಕ್ಕಾ, ಕುಂದ್ರಿ. ನಿಮ್ಮ ಬೀಗರು ಹೆಂಗದಾರ?"

"ಚಲೋ ಅದಾರವ್ವ."

"ನಿಮ್ಮ ಭಜ್ಜಿ ಹೆಸರು?"

ಸೂಗಮ್ಮ ಬಕೆಟ್ಟಿನ ಕಾಳು ನೋಡಿದಳು.

"ಅದೂ ಚಲೋನೇ ಅದ ಬಿಡ್ರಿ, ನಾ ಕೇಳೀನಿ," ಎಂದಳು ನಜಮುನ್ನೀಸಾ. "ನಮ್ಮ ಮನಿಯವರು ಒಳಗ ಮಲಗ್ಯಾರ. ಮೈ ಹುಷಾರಿಲ್ಲ ಅಂತಾರ. ಮೈಗೇನೂ ಆಗಿಲ್ಲ. ಓಣಿಯಾಗ ಹಾಯ್ದು ಹೋಗಾಕ ಮುಖ ಬರವಲ್ದು. ಅವರು ಹೇಳಿದ್ರೋ ಇಲ್ಲೋ ನಿಮಗ, ನೆನೆಸ್ರಿ ಅಂತ?"

"ಹೇಳಿದ್ದ."

"ಕೇಳಿದ್ರೋ ಇಲ್ಲೋ?"

"ಕೇಳಿನಿ. ನನಗೇ ಹೆಚ್ಚು ತಿಳೀತದ ಅಂದ್ಕೊಂಡಿನಿ."

"ಇದನ್ನ ನನ್ನ ಮುಂದ ಹೇಳಿದ್ರ ಏನು ಬಂತು ಅಕ್ಕಾ? ನನಗ ಮೊದಲೇ ಗೊತ್ತದ. ಗೊತ್ತಿಲ್ಲದೋರ ಮುಂದ ಹೇಳ್ರಿ."

ಸೂಗಮ್ಮ ಅಲ್ಲಿ ನೀರೂ ಕುಡಿಯದೆ ಎದ್ದು, ಊರಿಗೆ ಹೋಗದೆ ನೇರ ಸೇಡಂ ಬಸ್ಸು ಹತ್ತಿದಳು.

ಬೀಗರ ಮನೆಯಲ್ಲಿ ಭಾಗ್ಯಶ್ರೀ ಅವ್ವನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಅವ್ವಾ, ಸುಮ್ಮ ಕುಂದ್ರು. ಎಲ್ಲಾ ತಣ್ಣಗಾಗ್ಯದ. ಈಗ ನೀನೇ ಹಾಕಿದ್ದಿ ಅಂದ್ರ ನಾಳಿ ನನಗ ದಿನಾ ಕೇಳ್ತಾರ, ನಿಮ್ಮವ್ವ ಮಾವಗ ವಿಷಾ ಹಾಕಿದ್ಲು ಅಂತ."

"ಕೇಳ್ಲಿ."

"ಕೇಳಿಸ್ಕೊಳ್ಳಾಕಿ ನಾನು!"

"ಹೌದು, ನೀನೇ. ಅದಕ್ಕೇ ಭಾಳ ದಿನ ಬಾಯಿ ಮುಚ್ಚಿನಿ. ಮಗಳ ಮುಖ ನೋಡಿನಿ. ಅಲ್ಲಿ ಒಬ್ಬಾಂವ ಗ್ವಾಡಿ ಕಡಿ ಮುಖ ಮಾಡಿ ಮಲಗ್ಯಾನ, ಅವಗೂ ಮುಖ ಅದಲ್ಲೇ."

ಭಾಗ್ಯಶ್ರೀ ಬಾಗಿಲು ತೆರೆದಳು. ತೆರೆಯುವಾಗ ಅಳುತ್ತಿದ್ದಳು, ಆದರೆ ತೆರೆದಳು.

ಪಡಸಾಲೆಯಲ್ಲಿ ಸಂಗಮೇಶ್ವರ ಎಂದಿನಂತೆ ಮೊಬೈಲಿನಲ್ಲಿ ಮುಳುಗಿದ್ದ. ಸೂಗಮ್ಮ ಎದುರು ನಿಂತಳು.

"ತಮ್ಮಾ, ಹಿಡಿ ಅದನ್ನ ನನ್ನ ಮುಖಕ್ಕ. ಚಾಲೂ ಮಾಡು."

"ಯಾಕ್ರಿ ಅಕ್ಕಾರ, ಏನಾತು?"

"ಅವತ್ತು ದವಾಖಾನಿಯಾಗ ಅರ್ಧ ಹಿಡಿದಿದ್ದಿ. ಉಳಿದರ್ಧ ತಂದೀನಿ."

ಅವನು ನುಣುಚಿಕೊಳ್ಳಲು ನೋಡಿದ. ಬ್ಯಾಟರಿ ಕಡಿಮೆ ಎಂದ. ಸಿದ್ಧಲಿಂಗ ಕುರ್ಚಿಯಿಂದಲೇ, "ಹಿಡಿಯೋ. ಸುಳ್ಳು ಕಳಸುವಾಗ ಬ್ಯಾಟರಿ ಇರ್ತದ ನಿನ್ನಲ್ಲಿ," ಎಂದ.

ಸೂಗಮ್ಮ ಮಾತಾಡಿದಳು. ಮೂರು ಹೊಲ ಆಚೆಗೆ ಕೇಳುವ ಆ ಗಂಟಲಿನಲ್ಲೇ. ತೆಂಗಳಿಯ ಸೂಗಮ್ಮ ನಾನು, ಬೀಗರಿಗೆ ತ್ರಾಸು ಆಗಿದ್ದು ನನ್ನ ಕೈಯಿಂದ. ಬಾಬುಮಿಯಾ ಬಾಯಿಬಿಟ್ಟು ಹೇಳಿದ್ದ, ಕುದಿಸಿ, ದಿನಾ ನೀರು ಬದಲಿಸಿ, ಕಹಿ ಹೋದ ಮೇಲೆ ತಿನ್ನಿ ಅಂತ. ನಾನು ತೊಗರಿ ಇದ್ದಂಗೇ ಅಂದ್ಕೊಂಡು ಹಸಿ ಕಾಯಿ ಹಾಕಿನಿ. ಇನ್ನು ಅವನ ಹೆಸರು ತೆಗೆಯುವವರು ಮೊದಲು ನನ್ನ ಹೆಸರು ತೆಗೀರಿ.

ಮುಗಿದ ಮೇಲೆ ಸಿದ್ಧಲಿಂಗ ಗಂಟಲು ಸರಿಮಾಡಿಕೊಂಡ. "ನಂದೂ ಒಂದು ಮಾತು ಹಿಡಿಯೋ. ಮೊದಲ ತುತ್ತಿಗೇ ಕಹಿ ಅಂತ ನನಗ ಗೊತ್ತಾಗಿತ್ತು. ಮರ್ಯಾದಿಗಿ ಬಿದ್ದು ಉಂಡಾಂವ ನಾ. ಬೀಗ್ತಿ ಸೌಟು ಕಸ್ಕೊಂಡ್ರೂ ನಾ ಬಿಡ್ಲಿಲ್ಲ." ಸೊಸೆಯ ಕಡೆ ತಿರುಗಿ, "ನಿಮ್ಮವ್ವಗ ಚಾ ಮಾಡವ್ವ. ಸಕ್ರಿ ಮುಂದ ಮಾಡಿ ಹಾಕು," ಎಂದ.

ವೀಡಿಯೊ ಹೋಯಿತು. ಆದರೆ ವಿಷದ ವೀಡಿಯೊ ಹೋದಷ್ಟು ದೂರ ಹೋಗಲಿಲ್ಲ. ಹೋಗುವುದೂ ಇಲ್ಲ. ಭಯ ಹಂಚುವ ಕೈಗಳು ಕ್ಷಮೆ ಹಂಚುವಾಗ ಊಟಕ್ಕೆ ಹೋಗಿರುತ್ತವೆ. ಸುಳ್ಳನ್ನು ಹತ್ತು ಗುಂಪಿಗೆ ತಳ್ಳಿದ್ದವರಲ್ಲಿ ಎಷ್ಟು ಜನ ಇದನ್ನು ತಳ್ಳಿದರು ಎಂದು ಯಾರಾದರೂ ತಮ್ಮ ಮೊಬೈಲನ್ನೇ ತೆಗೆದು ನೋಡಿಕೊಳ್ಳಲಿ, ಬೇರೆಯವರನ್ನು ಕೇಳುವುದು ಬೇಡ.

ಸೂಗಮ್ಮ ಅದನ್ನೂ ನೋಡಿದಳು. ಮೊಬೈಲಿನಿಂದ ಆಗದ್ದನ್ನು ಗಂಟಲಿನಿಂದ ಮಾಡುತ್ತೇನೆಂದು ಸಂತೆಯ ದಿನ ಶಹಾಬಾದಿಗೆ ಹೋಗಿ, ಬಾಬುಮಿಯಾನನ್ನು ಮನೆಯಿಂದ ಎಬ್ಬಿಸಿದಳು. ಅವನು ಬೇಡವೆಂದ. "ಅಕ್ಕಾ, ನೀವು ಹೇಳೀರಿ, ನಾ ನೋಡೀನಿ, ಸಾಕು. ಇನ್ನ ಶೇಂಗಾ ಮಾರ್ತೀನಿ." ನಜಮುನ್ನೀಸಾ ಅದಾಗಲೇ ತಾಟಿಗೆ ಕಾಳು ಸುರಿದಿದ್ದಳು. ಇಬ್ಬರು ಹೆಂಗಸರೂ ಬಂಡಿ ತಳ್ಳಿಕೊಂಡು ಸ್ಟೇಷನ್ ರಸ್ತೆಗೆ ಹೊರಟ ಮೇಲೆ ಅವನು ಚಪ್ಪಲಿ ಮೆಟ್ಟಿಕೊಂಡು ಹಿಂದೆ ಬರದೆ ಗತಿಯಿರಲಿಲ್ಲ.

ದಾರಿಯುದ್ದಕ್ಕೂ ಇಬ್ಬರದೂ ಜಗಳ. ಉಪ್ಪೇ ಕಹಿಯನ್ನು ಎಳೆಯುತ್ತದೆ ಎಂದು ನಜಮುನ್ನೀಸಾ. ಉಪ್ಪು ರುಚಿಗೆ, ಎಳೆಯುವುದು ನೀರು ಎಂದು ಸೂಗಮ್ಮ. ಅಷ್ಟರೊಳಗೆ ಅವಳು ಮನೆಯಲ್ಲಿ ಉಪ್ಪಿಲ್ಲದೆ ಒಂದು ಬೋಗುಣಿ, ಉಪ್ಪು ಹಾಕಿ ಒಂದು ಬೋಗುಣಿ ನೆನೆಸಿ ನೋಡಿದ್ದಳು. ಎರಡರಲ್ಲೂ ಕಹಿ ಒಂದೇ ಹೊತ್ತಿಗೆ ಹೋಗಿತ್ತು.

"ನಮ್ಮ ಮನಿ ಕಾಳಿಗಿ ನೀವು ಬುದ್ಧಿ ಹೇಳಾಕ ಬಂದ್ರೇನು?"

"ಹೇಳಂಗಿಲ್ಲವ್ವ. ಹೇಳಿ ಒಮ್ಮೆ ಕೆಟ್ಟೀನಿ. ನೀನೇ ನೆನಿ ಹಾಕಿ ನೋಡು, ಆಮ್ಯಾಲೆ ಜಗಳಕ್ಕ ಬಾ."

ಬಂಡಿ ತನ್ನ ಜಾಗಕ್ಕೆ ಬಂತು. ಪಕ್ಕದಲ್ಲಿ ಭೀಮಶಾನ ಪಾನ್ ಅಂಗಡಿ. ಬಂಡಿ ತೆಗಿ, ನನ್ನ ಗಿರಾಕಿ ಹೆದರುತ್ತಾರೆ ಎಂದು ಮೊದಲು ಹೇಳಿದವನು ಅವನೇ. ವರ್ಷಗಟ್ಟಲೆ ಸಂಜೆ ಸಂಜೆ ಪುಕ್ಕಟೆ ತುರ್ಮುಸ್ ತಿಂದವನೂ ಅವನೇ. ಅವನು ಸುಣ್ಣದ ಡಬ್ಬಿಯಲ್ಲಿ ತಲೆ ಹಾಕಿದಂತೆ ಕೂತ. ಸಂತೆಗೆ ಬಂದವರು ದೂರದಲ್ಲೇ ನಿಂತು ನೋಡಿದರು. ಸೂಗಮ್ಮ ಮುಷ್ಟಿ ತುಂಬ ಕಾಳು ತೆಗೆದುಕೊಂಡು ಒಂದೊಂದೇ ಹಿಚುಕಿ ಬಾಯಿಗೆ ಹಾರಿಸುತ್ತ ಕೂಗಿದಳು:

"ಬೀಗರಿಗಿ ವಿಷಾ ಹಾಕಿದಾಕಿ ನಾನೇ! ಬರ್ರಿ, ನೋಡ್ರಿ! ರೊಕ್ಕಿಲ್ಲದ ತಮಾಷಾ!"

ತಮಾಷೆ ಎಂದರೆ ಸಂತೆ ನಿಲ್ಲುತ್ತದೆ. ನಿಂತಿತು. ಅವಳು ತನ್ನ ಕತೆಯನ್ನು, ಎರಡೆರಡು ಕಂಡ ಬೀಗನ ಸಮೇತ, ಹೇಳಿದಳು. ಹಸಿ ಕಾಯಿ ಯಾಕೆ ತಿನ್ನಬಾರದು, ಎಷ್ಟು ನೀರು ಬದಲಿಸಬೇಕು, ಡಾಕ್ಟರು ಹೇಳಿದಂತೆ ಶೇಂಗಾ ಆಗದವರು ಯಾಕೆ ದೂರ ಇರಬೇಕು ಎಲ್ಲ ಹೇಳಿದಳು. ಸಕ್ಕರೆ ಕಾಯಿಲೆಗೆ ಅರೆದು ಕುಡಿಯಬಹುದೇ ಎಂದು ಕೇಳಿದ ಮುದುಕನಿಗೆ, "ಕುಡಿರಿ ಯಜಮಾನ್ರ, ಒಬ್ಬಾಕಿ ಹೇಣ್ತಿ ಸಾಲವಲ್ಲಳು ಅಂದ್ರ, ಇಬ್ಬರು ಕಾಣ್ತಾರ," ಎಂದಳು. ಸಂತೆ ನಕ್ಕಿತು. ನಕ್ಕವರಲ್ಲಿ ಒಬ್ಬಳು ಕೈ ಚಾಚಿದಳು. ಆಮೇಲೆ ಬಾಬುಮಿಯಾನ ಕೈಗೆ ಬಿಡುವಾಗಲಿಲ್ಲ.

ಜನ ತೆಳುವಾದ ಮೇಲೆ ಭೀಮಶಾ ಮೆಲ್ಲಗೆ ಬಂದು ಬಂಡಿಯ ಅಂಚು ಹಿಡಿದು ನಿಂತ. ಬಾಬುಮಿಯಾ ಏನೂ ಆಗದವನಂತೆ ಕಾಗದದ ಪೊಟ್ಟಣ ಮಡಿಚತೊಡಗಿದ. ಸೂಗಮ್ಮ ಆ ಕೈ ಹಿಡಿದು ನಿಲ್ಲಿಸಿ, ತಾನೇ ಒಂದು ಕಾಳು ಹಿಚುಕಿ ಭೀಮಶಾನ ಅಂಗೈಗೆ ಇಟ್ಟಳು.

"ಮೊದಲು ಜಗಿ."

ಅವನು ಜಗಿದ.

"ಕಹಿ ಅದೇನು?"

"ಇಲ್ಲ ಬಿಡ್ರಿ ಅಕ್ಕಾ," ಎಂದ ಅವನು, ನೆಲ ನೋಡುತ್ತ.

"ನನಗ ಕೇಳಿಸ್ತು. ಅಲ್ಲಿ ಚಾದಂಗಡಿ ಮುಂದ ನಿಂತೋರಿಗೆ ಕೇಳಿಸ್ಲಿಲ್ಲ. ಬಂಡಿ ತೆಗಿ ಅಂದಾಗ ಎಷ್ಟು ಜೋರಾಗಿ ಅಂದಿದ್ದಿ?"

ಭೀಮಶಾ ಅತ್ತ ನೋಡಿದ, ಇತ್ತ ನೋಡಿದ. ಬಾಬುಮಿಯಾ, "ಹೋಗ್ಲಿ ಬಿಡ್ರಿ ಅಕ್ಕಾ," ಎಂದ. ನಜಮುನ್ನೀಸಾ ಸೊಂಟದ ಮೇಲೆ ಕೈಯಿಟ್ಟು, "ಯಾಕ ಬಿಡಬೇಕು?" ಎಂದಳು.

ಭೀಮಶಾ ಚಹಾದಂಗಡಿಯ ಕಡೆ ತಿರುಗಿ, ಎಲೆ ಅಡಿಕೆಯ ಕೆಂಪು ಬಾಯಿಯನ್ನು ಅಗಲಿಸಿ ಕೂಗಿದ: "ಏ, ಕಹಿ ಇಲ್ಲ ಬರ್ರೋ! ಬಾಬುಮಿಯಾನ ಕಾಳು ಚಲೋ ಅದ!"

"ಚಲೋ ಅಂದ್ರ?" ಎಂದು ಸೂಗಮ್ಮ ಶುರು ಮಾಡುವಷ್ಟರಲ್ಲಿ ಚಹಾದಂಗಡಿಯ ಜನ ಬಂಡಿಯ ಸುತ್ತ ನಿಂತಿದ್ದರು, ಬಾಬುಮಿಯಾ ತಾಟಿನ ತಳ ಕೆರೆಯುತ್ತ ನಜಮುನ್ನೀಸಾಳನ್ನು ಮನೆಗೆ ಓಡಿಸುತ್ತಿದ್ದ, ಇನ್ನೊಂದು ಬಕೆಟ್ ತರಲು.